ಒಂದೇ ಹೆಸರಿನ ಪೂರ್ವಿಕರು

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ನಾಡಿನ ಹಳೆಯ ವಾಡಿಕೆ. ಮನೆಯ ಹಿರಿಯನು ತೀರಿಕೊಂಡ ಬಳಿಕ ಗಂಡುಮಗುವೊಂದು ಹುಟ್ಟಿದರೆ, ಹಿರಿಯನೇ ಮರಳಿ ಬಂದನೆಂದು ಮನೆಯವರು ಸಂತೋಷಪಟ್ಟು ಅವನ ಹೆಸರನ್ನೇ ಮಗುವಿಗೆ ಇಡುತ್ತಿದ್ದರು. ಮಾವನ ಹೆಸರನ್ನು ಸೊಸೆಯು ಬಾಯಿಬಿಟ್ಟು ಹೇಳಬಾರದೆಂಬ ಕಟ್ಟುಪಾಡಿದ್ದ ಮನೆಗಳಲ್ಲಿ, ತಾಯಿಯು ತಾನು ಹೆತ್ತ ಮಗನನ್ನೇ ಹೆಸರು ಹಿಡಿದು ಕರೆಯಲಾರದೆ 'ಅಜ್ಜಯ್ಯ' ಎಂದೋ 'ಮರಿಯಪ್ಪ' ಎಂದೋ ಕರೆಯುತ್ತಿದ್ದಳು. ಊರಿನವರು ತಮಗೆ ತೋಚಿದಂತೆ ಒಬ್ಬನನ್ನು ದೊಡ್ಡವನೆಂದೂ ಮತ್ತೊಬ್ಬನನ್ನು ಸಣ್ಣವನೆಂದೂ, ಇನ್ನೊಬ್ಬನನ್ನು ಕೆಂಚನೆಂದೂ ಗುರುತಿಸುತ್ತಿದ್ದರು. ಬದುಕಿದ್ದಾಗ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. ತೊಂದರೆ ಪ್ರಾರಂಭವಾಗುವುದು ಅವರೆಲ್ಲರೂ ಕಾಲವಾಗಿ, ಕೇವಲ ಹೆಸರುಗಳು ಕಾಗದದ ಮೇಲೆ ಉಳಿದಾಗ.

ಹಳೆಯ ಮೈಸೂರು ಸೀಮೆಯ ಕ್ರಯಪತ್ರಗಳಲ್ಲಿಯೂ ಕಂದಾಯದ ಲೆಕ್ಕಗಳಲ್ಲಿಯೂ ವ್ಯಕ್ತಿಯ ಹೆಸರಿನೊಡನೆ ತಂದೆಯ ಹೆಸರನ್ನು 'ಬಿನ್' ಎಂಬ ಪದದಿಂದ ಜೋಡಿಸುವುದುಂಟು. 'ಬಸಪ್ಪ ಬಿನ್ ಸಿದ್ದಪ್ಪ' ಎಂದರೆ ಸಿದ್ದಪ್ಪನ ಮಗನಾದ ಬಸಪ್ಪ. ಹೆಂಗಸರ ವಿಷಯದಲ್ಲಿ ಗಂಡನ ಹೆಸರಿನ ಹಿಂದೆ 'ಕೋಂ' ಎಂದು ಬರೆಯುತ್ತಿದ್ದರು. ಈಗ ಒಂದು ಮನೆತನದಲ್ಲಿ ಅಜ್ಜನ ಹೆಸರು ತಪ್ಪದೆ ಮೊಮ್ಮಗನಿಗೆ ಬರುತ್ತಿದೆಯೆಂದು ಭಾವಿಸಬಹುದು. ಬಸಪ್ಪನ ಮಗ ಸಿದ್ದಪ್ಪ. ಸಿದ್ದಪ್ಪನ ಮಗ ಬಸಪ್ಪ. ಆ ಬಸಪ್ಪನ ಮಗ ಮತ್ತೆ ಸಿದ್ದಪ್ಪ. ಆ ಮನೆಯ ಹುಡುಗನೊಬ್ಬನು ತನ್ನ ವಂಶವೃಕ್ಷವನ್ನು ಬರೆಯಲು ಹೊರಟು, ಪೆಟ್ಟಿಗೆಯಲ್ಲಿದ್ದ ಪತ್ರದಲ್ಲಿ 'ಬಸಪ್ಪ ಬಿನ್ ಸಿದ್ದಪ್ಪ' ಎಂಬ ಬರಹವನ್ನು ಕಂಡರೆ, ಆತನು ಯಾವ ಬಸಪ್ಪ? ತಂದೆಯ ಹೆಸರಿನಿಂದ ನಿರ್ಧಾರವಾಗಲಿಲ್ಲವೆಂದು ಅಜ್ಜನ ಹೆಸರನ್ನು ಹುಡುಕಿದರೂ ಪ್ರಯೋಜನವಿಲ್ಲ. ಅಜ್ಜನ ಹೆಸರೂ ಬಸಪ್ಪ ಎಂದೇ ಇರುತ್ತದೆ! ಆ ಮನೆಯ ಯಾವ ಬಸಪ್ಪನನ್ನು ಕೇಳಿದರೂ ತಾನು ಸಿದ್ದಪ್ಪನ ಮಗ, ಬಸಪ್ಪನ ಮೊಮ್ಮಗ ಎಂದೇ ಹೇಳುವನು. ತಂದೆ-ಮಕ್ಕಳ ಹೆಸರುಗಳ ಸರಣಿಯನ್ನು ಎಷ್ಟೇ ಉದ್ದಕ್ಕೆ ಎಳೆದರೂ ಈ ಗಂಟು ಬಿಚ್ಚುವುದಿಲ್ಲ. ಬಿಚ್ಚಬೇಕಾದರೆ ಆ ಸರಣಿಯ ಹೊರಗಿನಿಂದ ಏನಾದರೂ ದೊರೆಯಬೇಕು.

ಈ ತೊಡಕು ಸಾಮಾನ್ಯರ ಮನೆಗಳಿಗಷ್ಟೇ ಮೀಸಲಲ್ಲ, ಅರಮನೆಗಳಿಗೂ ಉಂಟು. ಕನ್ನಡ ನಾಡನ್ನಾಳಿದ ಅರಸುಮನೆತನಗಳ ಚರಿತ್ರೆಯನ್ನು ಶಾಸನಗಳಿಂದ ಹೊರತೆಗೆದ ವಿದ್ವಾಂಸರು ಮೊದಲು ಎದುರಿಸಬೇಕಾಗಿ ಬಂದ ಸಮಸ್ಯೆಗಳಲ್ಲಿ ಇದೂ ಒಂದು. ಬಾದಾಮಿಯ ಚಾಲುಕ್ಯರಲ್ಲಿ ಇಬ್ಬರು ಪುಲಕೇಶಿಗಳು, ಇಬ್ಬರು ಕೀರ್ತಿವರ್ಮರು, ಇಬ್ಬರು ವಿಕ್ರಮಾದಿತ್ಯರು. ರಾಷ್ಟ್ರಕೂಟರಲ್ಲಿ ಮೂವರು ಕೃಷ್ಣರು, ನಾಲ್ವರು ಗೋವಿಂದರು. ಹೊಯ್ಸಳರಲ್ಲಿ ಮೂವರು ಬಲ್ಲಾಳರು, ಮೂವರು ನರಸಿಂಹರು. ಇಂದಿನ ಪುಸ್ತಕಗಳಲ್ಲಿ ಇವರನ್ನು ಒಂದನೆಯ, ಎರಡನೆಯ ಎಂದು ಎಣಿಸಿರುವುದರಿಂದ ವಿದ್ಯಾರ್ಥಿಗಳಿಗೆ ಅಷ್ಟಾಗಿ ಗೊಂದಲವಾಗುವುದಿಲ್ಲ. ಆದರೆ ಈ ಎಣಿಕೆಯು ಚರಿತ್ರಕಾರರು ಹಾಕಿದ್ದು. ಬಾದಾಮಿಯ ಯಾವ ಅರಸನೂ ತನ್ನನ್ನು 'ಎರಡನೆಯವನು' ಎಂದು ಕರೆದುಕೊಂಡು ಶಾಸನ ಬರೆಯಿಸಲಿಲ್ಲ. ಪ್ರತಿಯೊಂದು ಸಂಖ್ಯೆಯ ಹಿಂದೆಯೂ ಯಾರೋ ಒಬ್ಬರ ಶ್ರಮವಿದೆ.

ಹೆಸರೇ ಇಲ್ಲದೆ ವ್ಯಕ್ತಿಯನ್ನು ಗುರುತಿಸಿದ ಪ್ರಸಂಗವೂ ಉಂಟು. ಬಾದಾಮಿಯ ಬಂಡೆಯೊಂದರ ಮೇಲೆ ಶಕವರ್ಷ 465ರ, ಎಂದರೆ ಕ್ರಿ. ಶ. 543ರ, ಶಾಸನವಿದೆ. ಚಾಲುಕ್ಯ ವಲ್ಲಭೇಶ್ವರನು ಆ ಬೆಟ್ಟವನ್ನು ಕೋಟೆಯನ್ನಾಗಿ ಮಾಡಿದನೆಂದೂ, ಅವನು ಅಶ್ವಮೇಧ ಮೊದಲಾದ ಯಜ್ಞಗಳನ್ನು ನಡೆಸಿದವನೆಂದೂ ಅದು ತಿಳಿಸುತ್ತದೆ. 'ವಲ್ಲಭೇಶ್ವರ' ಎಂಬುದು ಬಿರುದೇ ಹೊರತು ಹುಟ್ಟು ಹೆಸರಲ್ಲ. ಹಾಗಾದರೆ ಆ ಅರಸನು ಯಾರು? ಸುಮಾರು ತೊಂಬತ್ತು ವರ್ಷಗಳ ಅನಂತರ, ಶಕವರ್ಷ 556ರಲ್ಲಿ, ಕವಿ ರವಿಕೀರ್ತಿಯು ಐಹೊಳೆಯ ಮೇಗುತಿ ಜಿನಾಲಯದ ಶಾಸನವನ್ನು ರಚಿಸಿದನು. ಅದರಲ್ಲಿ ತನ್ನ ಒಡೆಯನ ಅಜ್ಜನಾದ ಪುಲಕೇಶಿಯು ವಾತಾಪಿಯಲ್ಲಿ ನೆಲೆಸಿ ಅಶ್ವಮೇಧವನ್ನು ಮಾಡಿದನೆಂದು ಹೇಳಿದ್ದಾನೆ. ಕಾಲ, ಸ್ಥಳ, ಯಜ್ಞ ಈ ಮೂರೂ ಕೂಡಿ ಬಂದುದರಿಂದ ಬಂಡೆಯ ಮೇಲಿನ ವಲ್ಲಭೇಶ್ವರನು ಒಂದನೆಯ ಪುಲಕೇಶಿಯೇ ಎಂದು ನಿಶ್ಚಯವಾಯಿತು. ಹರ್ಷನನ್ನು ತಡೆದ ಪುಲಕೇಶಿಯು ಇವನ ಮೊಮ್ಮಗ. ಅಜ್ಜನ ಹೆಸರು ಮೊಮ್ಮಗನಿಗೆ ಬಂದುದಕ್ಕೆ ಅರಮನೆಯಿಂದಲೇ ದೊರೆಯುವ ಉದಾಹರಣೆ ಇದು. ಐಹೊಳೆಯ ಕವಿಯು ಮೊಮ್ಮಗನನ್ನು ಹೆಚ್ಚಾಗಿ 'ಸತ್ಯಾಶ್ರಯ' ಎಂದು ಕರೆದುದು ಓದುಗರ ಅದೃಷ್ಟವೆನ್ನಬೇಕು. ಇಲ್ಲದಿದ್ದರೆ ಒಂದೇ ಕಾವ್ಯದಲ್ಲಿ ಇಬ್ಬರು ಪುಲಕೇಶಿಗಳನ್ನು ಬೇರೆಬೇರೆಯಾಗಿ ನೋಡಬೇಕಾಗುತ್ತಿತ್ತು.

ವಿಕ್ರಮಾದಿತ್ಯರ ಸಮಸ್ಯೆ ಇದಕ್ಕಿಂತ ಕಠಿನವಾದುದು. 642ರಲ್ಲಿ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಹಿಡಿದುಕೊಂಡನು. ಇಮ್ಮಡಿ ಪುಲಕೇಶಿಯ ಮಗನಾದ ವಿಕ್ರಮಾದಿತ್ಯನು ರಾಜ್ಯವನ್ನು ಮತ್ತೆ ಗಳಿಸಿ, 655ರಿಂದ 681ರವರೆಗೆ ಆಳಿ, ಪಲ್ಲವರ ರಾಜಧಾನಿಯಾದ ಕಂಚಿಯ ಮೇಲೆ ದಂಡೆತ್ತಿ ಹೋಗಿ ಅದನ್ನು ಹಿಡಿದನು. ಅವನ ಮಗ ವಿನಯಾದಿತ್ಯ, ಮೊಮ್ಮಗ ವಿಜಯಾದಿತ್ಯ, ಮರಿಮಗ ಇಮ್ಮಡಿ ವಿಕ್ರಮಾದಿತ್ಯ. 733ರಲ್ಲಿ ಪಟ್ಟಕ್ಕೆ ಬಂದ ಈ ಎರಡನೆಯವನೂ ಕಂಚಿಯನ್ನು ಗೆದ್ದನು. ಹೀಗೆ ಮುತ್ತಜ್ಜ ಮತ್ತು ಮರಿಮಗ ಇಬ್ಬರ ಹೆಸರೂ ಒಂದೇ, ಮನೆತನವೂ ಒಂದೇ, ಗೆದ್ದ ನಗರವೂ ಒಂದೇ. ಸಾಲದುದಕ್ಕೆ ಎದುರಾಳಿಗಳ ಮನೆಯಲ್ಲಿಯೂ ಇದೇ ಕಥೆ. ಮೊದಲ ವಿಕ್ರಮಾದಿತ್ಯನು ಹೋರಾಡಿದ್ದು ಪರಮೇಶ್ವರವರ್ಮನೊಡನೆ. ಎರಡನೆಯವನು ಯುವರಾಜನಾಗಿದ್ದಾಗ ಕಪ್ಪ ಪಡೆದುದೂ ಪರಮೇಶ್ವರವರ್ಮನಿಂದಲೇ. ಆದರೆ ಆ ಪಲ್ಲವರೂ ಇಬ್ಬರು! ಪಲ್ಲವ ಪರಮೇಶ್ವರನನ್ನು ಚಾಲುಕ್ಯ ವಿಕ್ರಮಾದಿತ್ಯನು ಸೋಲಿಸಿದನೆಂಬ ಒಂದು ವಾಕ್ಯವಷ್ಟೇ ದೊರೆತಿದ್ದರೆ, ಯಾರು ಯಾರನ್ನು ಸೋಲಿಸಿದರೆಂದು ಹೇಳುವುದು ಸಾಧ್ಯವಾಗುತ್ತಿರಲಿಲ್ಲ. ಅದೃಷ್ಟವಶಾತ್ ಎರಡನೆಯ ಪ್ರಸಂಗವನ್ನು ತಿಳಿಸುವ ಶಾಸನವು ವಿಜಯಾದಿತ್ಯನ ಆಳ್ವಿಕೆಯ ಕಾಲದ್ದು. ಅದರಲ್ಲಿ ವಿಕ್ರಮಾದಿತ್ಯನನ್ನು ಯುವರಾಜನೆಂದು ಕರೆದಿದೆ. ತಂದೆಯು ಆಳುತ್ತಿದ್ದಾಗ ಯುವರಾಜನಾಗಿದ್ದವನು, ಆ ತಂದೆಯ ಅಜ್ಜನಾಗಿರಲಾರನಷ್ಟೆ.

ಕಂಚಿಯ ಕೈಲಾಸನಾಥ ದೇವಾಲಯದ ಕಂಬವೊಂದರ ಮೇಲೆ ಕನ್ನಡ ಶಾಸನವೊಂದಿದೆ. ಕಂಚಿಯನ್ನು ಗೆದ್ದ ವಿಕ್ರಮಾದಿತ್ಯನು ರಾಜಸಿಂಹೇಶ್ವರ ದೇವರ ಸಂಪತ್ತನ್ನು ಕಂಡು, ಅದನ್ನು ಕೊಳ್ಳೆ ಹೊಡೆಯದೆ ದೇವರಿಗೇ ಬಿಟ್ಟುಕೊಟ್ಟನೆಂದು ಅದು ಸಾರುತ್ತದೆ. ವೈರಿಯ ರಾಜಧಾನಿಯಲ್ಲಿ, ವೈರಿಯು ಕಟ್ಟಿಸಿದ ಗುಡಿಯಲ್ಲಿ, ಗೆದ್ದವನು ತೋರಿದ ಔದಾರ್ಯ ಇದು. ಈ ಕೀರ್ತಿ ಸಲ್ಲಬೇಕಾದುದು ಇಬ್ಬರಲ್ಲಿ ಯಾರಿಗೆ? ಉತ್ತರವು ಆ ಗುಡಿಯಲ್ಲಿಯೇ ಇದೆ. ಕೈಲಾಸನಾಥ ದೇವಾಲಯವನ್ನು ಕಟ್ಟಿಸಿದವನು ರಾಜಸಿಂಹನೆಂಬ ಬಿರುದಿನ ಇಮ್ಮಡಿ ನರಸಿಂಹವರ್ಮ. ರಾಜಸಿಂಹೇಶ್ವರ ಎಂಬುದು ಅವನ ಬಿರುದಿನಿಂದಲೇ ದೇವರಿಗೆ ಬಂದ ಹೆಸರು. ಅವನು ಆಳಿದ್ದು ಎಂಟನೆಯ ಶತಮಾನದ ಮೊದಲ ಭಾಗದಲ್ಲಿ. ಒಂದನೆಯ ವಿಕ್ರಮಾದಿತ್ಯನಾದರೋ 681ರಲ್ಲಿಯೇ ಕಾಲವಾಗಿದ್ದನು. ಇನ್ನೂ ಕಟ್ಟದಿದ್ದ ಗುಡಿಯ ಒಡವೆಯನ್ನು ಅವನು ಹಿಂದಿರುಗಿಸುವುದೆಂತು? ಆದುದರಿಂದ ಆ ಉದಾರಿಯು ಇಮ್ಮಡಿ ವಿಕ್ರಮಾದಿತ್ಯನೇ. ಇಲ್ಲಿ ಸಾಕ್ಷಿ ನುಡಿದದ್ದು ಅರಸನ ಹೆಸರಲ್ಲ, ಕಲ್ಲಿನ ಕಟ್ಟಡ.

ಪಟ್ಟದಕಲ್ಲಿನಲ್ಲಿ ಸಾಕ್ಷಿ ನುಡಿಯುವವರು ಇಬ್ಬರು ರಾಣಿಯರು. ಇಂದು ವಿರೂಪಾಕ್ಷ ದೇವಾಲಯವೆಂದು ಪ್ರಸಿದ್ಧವಾಗಿರುವ ಲೋಕೇಶ್ವರ ದೇವಾಲಯವನ್ನು, ಕಂಚಿಯನ್ನು ಮೂರು ಬಾರಿ ಗೆದ್ದ ವಿಕ್ರಮಾದಿತ್ಯನ ಅರಸಿಯಾದ ಲೋಕಮಹಾದೇವಿಯು ಕಟ್ಟಿಸಿದಳು. ಅವಳ ತಂಗಿಯೂ ಸವತಿಯೂ ಆದ ತ್ರೈಲೋಕ್ಯಮಹಾದೇವಿಯು ತ್ರೈಲೋಕ್ಯೇಶ್ವರ ದೇವಾಲಯವನ್ನು ಕಟ್ಟಿಸಿದಳು. ಇವರು ಹೈಹಯ ವಂಶದಿಂದ ಬಂದವರು. ತ್ರೈಲೋಕ್ಯಮಹಾದೇವಿಯು ಇಮ್ಮಡಿ ಕೀರ್ತಿವರ್ಮನ ತಾಯಿ. ಅರಸರ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಮರಳಿ ಮರಳಿ ಬರುತ್ತವೆ. ಬೇರೆ ಮನೆಯಲ್ಲಿ ಹುಟ್ಟಿ, ಬೇರೆ ಹೆಸರು ಹೊತ್ತು ಬಂದ ಹೆಣ್ಣುಮಕ್ಕಳ ಹೆಸರುಗಳು ಹಾಗೆ ಸುಲಭವಾಗಿ ಮರುಕಳಿಸುವುದಿಲ್ಲ. ಲೋಕಮಹಾದೇವಿಯ ಪತಿಯೆಂದ ಕೂಡಲೇ ಯಾವ ವಿಕ್ರಮಾದಿತ್ಯನೆಂಬುದು ತಿಳಿದುಹೋಗುತ್ತದೆ. ವಂಶಾವಳಿಯನ್ನು ಬರೆಯುವವರು ಹೆಂಗಸರ ಹೆಸರುಗಳನ್ನು ಬಿಟ್ಟು ಕೇವಲ ಗಂಡಸರ ಹೆಸರುಗಳನ್ನು ಬರೆದಿಡುವುದು ಬಹುಕಾಲದಿಂದ ಬಂದ ದೋಷ. ಅದು ಅನ್ಯಾಯವೂ ಹೌದು, ಅವಿವೇಕವೂ ಹೌದು. ಸಿದ್ದಪ್ಪ-ಬಸಪ್ಪರ ಮನೆಯ ಪತ್ರಗಳಲ್ಲಿ 'ಕೋಂ' ಎಂಬ ಪದವಿರುವ ಒಂದೇ ಒಂದು ಕಾಗದ ದೊರೆತರೂ ಸಾಕು, ಆ ಗಂಟು ಅರ್ಧ ಸಡಿಲವಾಗುತ್ತದೆ.

ಸಿದ್ದಪ್ಪ-ಬಸಪ್ಪರಂತೆಯೇ ಎರಡು ಹೆಸರುಗಳು ಒಂದಾದ ಮೇಲೊಂದು ಬಂದ ಅರಸುಮನೆಯೊಂದಿದೆ. ಇಮ್ಮಡಿ ಪುಲಕೇಶಿಯ ತಮ್ಮನಾದ ಕುಬ್ಜ ವಿಷ್ಣುವರ್ಧನನಿಂದ ಮೊದಲಾದ ವೆಂಗಿಯ ಚಾಲುಕ್ಯರೇ ಅವರು. ಮೂರನೆಯ ವಿಷ್ಣುವರ್ಧನನ ಮಗ ವಿಜಯಾದಿತ್ಯ. ಅವನ ಮಗ ವಿಷ್ಣುವರ್ಧನ. ಅವನ ಮಗ ವಿಜಯಾದಿತ್ಯ. ಅವನ ಮಗ ವಿಷ್ಣುವರ್ಧನ. ಅವನ ಮಗ ಮತ್ತೆ ವಿಜಯಾದಿತ್ಯ. ಆರು ತಲೆಮಾರುಗಳಲ್ಲಿ ಎರಡೇ ಹೆಸರು! ಆದರೆ ವೆಂಗಿಯ ತಾಮ್ರಪಟಗಳನ್ನು ಬರೆದವರು ಜಾಣರು. ದಾನವನ್ನು ಕೊಟ್ಟ ಅರಸನ ಪೂರ್ವಿಕರನ್ನು ಹೆಸರಿಸುವಾಗ, ಪ್ರತಿಯೊಬ್ಬನೂ ಎಷ್ಟು ಕಾಲ ಆಳಿದನೆಂಬುದನ್ನೂ ಅವರು ಬರೆದಿಟ್ಟರು. ಕುಬ್ಜ ವಿಷ್ಣುವರ್ಧನನು 18 ವರ್ಷ ಆಳಿದನು. ಇಂದ್ರ ಭಟ್ಟಾರಕನು ಆಳಿದ್ದು ಏಳೇ ದಿನ. ಮೂರನೆಯ ವಿಷ್ಣುವರ್ಧನನಿಗೆ 37 ವರ್ಷ, ನಾಲ್ಕನೆಯವನಿಗೆ 36 ವರ್ಷ, ಐದನೆಯವನಿಗೆ ಒಂದೂವರೆ ವರ್ಷ. ಇದರ ಜೊತೆಗೆ ಅಡ್ಡಹೆಸರುಗಳೂ ಉಂಟು: ಒಬ್ಬ ವಿಜಯಾದಿತ್ಯನು ನರೇಂದ್ರಮೃಗರಾಜ, ಮತ್ತೊಬ್ಬನು ಗುಣಗ, ಒಬ್ಬ ವಿಷ್ಣುವರ್ಧನನು ಕಲಿ. ಏಳು ದಿನದ ಅರಸನ ಹೆಸರನ್ನೂ ಬಿಡದೆ ದಾಖಲಿಸಿದ ಈ ಶ್ರದ್ಧೆಯಿಂದಾಗಿ, ಜೆ. ಎಫ್. ಫ್ಲೀಟ್ ಮೊದಲಾದ ವಿದ್ವಾಂಸರು ವೆಂಗಿಯ ಅರಸರ ಕಾಲವನ್ನು ಕ್ರಮವಾಗಿ ಜೋಡಿಸುವುದು ಸಾಧ್ಯವಾಯಿತು. ನರೇಂದ್ರಮೃಗರಾಜನ ಆಳ್ವಿಕೆಯ ವರ್ಷಗಳು ಎಲ್ಲ ತಾಮ್ರಪಟಗಳಲ್ಲಿಯೂ ಒಂದೇ ಆಗಿಲ್ಲವೆಂಬುದು ನಿಜ. ಬರೆದವರ ಕೈ ಎಲ್ಲಿಯೋ ಜಾರಿರಬೇಕು.

ಕಾಲವನ್ನು ತಿಳಿಸುವ ಬರಹವಿದ್ದರೆ ಎಲ್ಲವೂ ಸುಲಭವೆಂದು ತೋರಬಹುದು. ಆದರೆ ಅಲ್ಲಿಯೂ ಒಂದು ಬಲೆ ಇದೆ. ಹಳೆಯ ಕಾಗದಗಳಲ್ಲಿ ಎಷ್ಟೋ ಸಲ ಸಂವತ್ಸರದ ಹೆಸರು ಮಾತ್ರ ಇರುತ್ತದೆ. ಸಂವತ್ಸರಗಳು ಅರವತ್ತು, ಅರವತ್ತು ಮುಗಿದೊಡನೆ ಮೊದಲಿನಿಂದ ಪುನಃ ಬರುತ್ತವೆ. ನಂದನ ಸಂವತ್ಸರವು 1892ರಲ್ಲಿ ಬಂದಿತ್ತು. 1952ರಲ್ಲಿ ಮರಳಿ ಬಂದಿತು. 2012ರಲ್ಲಿ ಮತ್ತೊಮ್ಮೆ ಬಂದಿತು. ಅಜ್ಜನಿಗೂ ಮೊಮ್ಮಗನಿಗೂ ನಡುವಿನ ಅಂತರವೂ ಸುಮಾರಾಗಿ ಅಷ್ಟೇ ಇರುವುದರಿಂದ, 'ನಂದನ ಸಂವತ್ಸರದಲ್ಲಿ ಬಸಪ್ಪನು ಹೊಲ ಕೊಂಡನು' ಎಂಬ ಮಾತು ಅಜ್ಜನಿಗೂ ಹೊಂದುತ್ತದೆ, ಮೊಮ್ಮಗನಿಗೂ ಹೊಂದುತ್ತದೆ. ಹೆಸರಿನ ಚಕ್ರವೂ ಕಾಲದ ಚಕ್ರವೂ ಒಂದೇ ವೇಗದಲ್ಲಿ ತಿರುಗುತ್ತವೆ. ಇಂತಹ ಸಂದರ್ಭದಲ್ಲಿ ತಿಥಿಯೊಡನೆ ವಾರವನ್ನೂ ಬರೆದಿದ್ದರೆ ಅದು ನೆರವಿಗೆ ಬರುತ್ತದೆ. ಅರವತ್ತು ವರ್ಷಗಳ ಅನಂತರ ಅದೇ ಮಾಸದ ಅದೇ ತಿಥಿಯು ಸಾಮಾನ್ಯವಾಗಿ ಬೇರೊಂದು ವಾರದಂದು ಬೀಳುತ್ತದೆ. ಇಂತಹ ಲೆಕ್ಕಗಳಿಗೆಂದೇ ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು ನೂರಾರು ವರ್ಷಗಳ ಪಂಚಾಂಗವನ್ನು ಗಣಿಸಿ 1922ರಲ್ಲಿ ದೊಡ್ಡ ಸಂಪುಟಗಳಾಗಿ ಪ್ರಕಟಿಸಿದರು. ಶಾಸನಗಳನ್ನು ಓದುವವರಿಗೆ ಅವು ಕೈದೀವಿಗೆಯಾದವು.

ಬಿರುದುಗಳನ್ನು ನಂಬಿ ಮೋಸಹೋಗುವುದೂ ಉಂಟು. ಕಲ್ಯಾಣದ ಚಾಲುಕ್ಯರು 'ಮಲ್ಲ' ಎಂದು ಕೊನೆಗೊಳ್ಳುವ ಬಿರುದುಗಳನ್ನು ಧರಿಸುತ್ತಿದ್ದರು. ಒಂದನೆಯ ಸೋಮೇಶ್ವರನು ತ್ರೈಲೋಕ್ಯಮಲ್ಲ, ಎರಡನೆಯವನು ಭುವನೈಕಮಲ್ಲ, ಮೂರನೆಯವನು ಭೂಲೋಕಮಲ್ಲ. ಸೋಮೇಶ್ವರರನ್ನು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ 'ತ್ರಿಭುವನಮಲ್ಲ' ಎಂಬ ಬಿರುದನ್ನು 1008ರಲ್ಲಿ ಪಟ್ಟಕ್ಕೆ ಬಂದ ಐದನೆಯ ವಿಕ್ರಮಾದಿತ್ಯನೂ ಧರಿಸಿದನು, 1076ರಲ್ಲಿ ಬಂದ ಆರನೆಯ ವಿಕ್ರಮಾದಿತ್ಯನೂ ಧರಿಸಿದನು, ಆ ವಂಶದ ಕೊನೆಗಾಲದ ನಾಲ್ಕನೆಯ ಸೋಮೇಶ್ವರನೂ ಧರಿಸಿದನು. ಅವರ ಸಾಮಂತರಾಗಿದ್ದ ಹೊಯ್ಸಳರಲ್ಲಿಯೂ ಕೆಲವರು ಅದೇ ಬಿರುದನ್ನು ಹೊತ್ತರು. ಇಲ್ಲಿ ಓದುಗನನ್ನು ಪಾರುಮಾಡುವವನು ಆರನೆಯ ವಿಕ್ರಮಾದಿತ್ಯನೇ. ಅವನು ಶಕವರ್ಷದ ಬದಲಿಗೆ ತನ್ನ ಪಟ್ಟಾಭಿಷೇಕದಿಂದ ಎಣಿಸುವ ಚಾಲುಕ್ಯ ವಿಕ್ರಮವರ್ಷವನ್ನು ಆಚರಣೆಗೆ ತಂದನು. ಶಾಸನದಲ್ಲಿ ತ್ರಿಭುವನಮಲ್ಲನ ಹೆಸರಿನೊಡನೆ ವಿಕ್ರಮವರ್ಷ 37 ಎಂದಿದ್ದರೆ ಅದು 1112ನೆಯ ಇಸವಿ. ಇಟಗಿಯ ಮಹಾದೇವ ದೇವಾಲಯವು ನಿರ್ಮಾಣವಾದ ಕಾಲ. ಅಂಥ ಶಾಸನದಲ್ಲಿ ಐದನೆಯವನ ಪ್ರಶ್ನೆಯೇ ಏಳುವುದಿಲ್ಲ.

ಒಂದೇ ಹೆಸರಿನವರು ಒಂದೇ ಕಾಲದಲ್ಲಿ ಬದುಕಿದ್ದರೆ ಕಾಲಗಣನೆಯೂ ಕೈಕೊಡುತ್ತದೆ. ಅಣ್ಣತಮ್ಮಂದಿರು ಮೂವರಿದ್ದು, ಮೂವರೂ ತಂತಮ್ಮ ಹಿರಿಯ ಮಗನಿಗೆ ಅಜ್ಜನ ಹೆಸರನ್ನೇ ಇಟ್ಟರೆ, ಒಂದೇ ಊರಿನಲ್ಲಿ ಒಂದೇ ವಯಸ್ಸಿನ ಮೂವರು ಬಸಪ್ಪರು ಬೆಳೆಯುತ್ತಾರೆ. ಆಗ ಮೊದಲು ನಿರರ್ಥಕವೆನಿಸಿದ ತಂದೆಯ ಹೆಸರೇ ಉಪಯೋಗಕ್ಕೆ ಬರುತ್ತದೆ. ರಾಷ್ಟ್ರಕೂಟರಲ್ಲಿಯೂ ಧ್ರುವನೆಂಬ ಹೆಸರು ಹಿರಿಯ ಮನೆಯಲ್ಲಿ ಒಮ್ಮೆ, ಗುಜರಾತಿನ ಲಾಟ ಪ್ರದೇಶವನ್ನಾಳಿದ ಕವಲಿನಲ್ಲಿ ಎರಡು ಸಲ ಕಾಣಿಸುತ್ತದೆ. ಅಲ್ಲಿ ಅವರನ್ನು ಬೇರ್ಪಡಿಸುವುದು ಅವರು ದಾನ ಕೊಟ್ಟ ಹಳ್ಳಿಗಳಿರುವ ಸೀಮೆ. ಉತ್ತರ ಕರ್ನಾಟಕದಲ್ಲಿ ಹೆಳವರೆಂಬ ಜನರು ಎತ್ತಿನ ಮೇಲೆ ಕುಳಿತು ಊರಿಂದೂರಿಗೆ ಬಂದು, ಒಕ್ಕಲುಮನೆಗಳ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನು ಹೇಳಿ ಕಾಳುಕಡಿಯನ್ನು ಪಡೆಯುವ ಸಂಪ್ರದಾಯವಿದೆ. ಮೂಲದ ಊರು ಯಾವುದು, ಯಾವ ತಮ್ಮನು ಬೇರೆಯಾಗಿ ಯಾವ ಹಳ್ಳಿಗೆ ಹೋಗಿ ನೆಲೆಸಿದನು ಎಂಬುದನ್ನೆಲ್ಲ ಅವರು ನೆನಪಿನಲ್ಲಿಯೂ ಹೊತ್ತಗೆಗಳಲ್ಲಿಯೂ ಉಳಿಸಿಕೊಂಡು ಬಂದಿದ್ದಾರೆ. ಮೂವರು ಬಸಪ್ಪರಲ್ಲಿ ಒಬ್ಬನ ವಂಶವು ಬೇರೆ ಊರಿಗೆ ಹೋಯಿತೆಂದು ಹೆಳವನು ಹೇಳಿದರೆ ಉಳಿದ ಕೆಲಸ ಎಷ್ಟೋ ಹಗುರವಾಗುತ್ತದೆ.

ಒಬ್ಬನನ್ನು ಇಬ್ಬರನ್ನಾಗಿ ಒಡೆಯುವುದು ತಪ್ಪು; ಇಬ್ಬರನ್ನು ಒಬ್ಬನನ್ನಾಗಿ ಬೆಸೆಯುವುದು ಇನ್ನೂ ದೊಡ್ಡ ತಪ್ಪು. ಹಾಗೆ ಬೆಸೆದಾಗ ಮುಂದಿನ ಮಕ್ಕಳೆಲ್ಲ ತಮ್ಮದಲ್ಲದ ಅಜ್ಜನಿಗೆ ಸೇರಿಹೋಗುತ್ತಾರೆ. ಜಮೀನಿನ ವ್ಯಾಜ್ಯದಲ್ಲಾದರೆ ಒಬ್ಬರ ಪಾಲು ಮತ್ತೊಬ್ಬರಿಗೆ ಹೋದೀತು. ಈ ಬೆಸುಗೆಗೆ ಅನೇಕ ವೇಳೆ ಅಜ್ಞಾನವಲ್ಲ, ಆಸೆಯೇ ಕಾರಣ. ಹೆಸರಾಂತ ಹಿರಿಯನೊಬ್ಬನ ಹೆಸರು ತಮ್ಮ ಮನೆಯಲ್ಲಿಯೂ ಇದ್ದರೆ ಅವನು ತಮ್ಮವನೇ ಎಂದು ನಂಬಲು ಯಾರಿಗೆ ತಾನೆ ಮನಸ್ಸಾಗದು?

ಕಲ್ಯಾಣದ ಅರಸರೂ ಇದಕ್ಕೆ ಹೊರತಾಗಿದ್ದರೆಂದು ಹೇಳಲಾಗದು. ಬಾದಾಮಿಯ ರಾಜ್ಯವು ಎಂಟನೆಯ ಶತಮಾನದ ನಡುವಿನಲ್ಲಿ ರಾಷ್ಟ್ರಕೂಟರ ಕೈಸೇರಿತು. 973ರಲ್ಲಿ ತೈಲಪನು ರಾಷ್ಟ್ರಕೂಟರನ್ನು ಸೋಲಿಸಿ ಚಾಲುಕ್ಯರ ಹೆಸರನ್ನು ಮತ್ತೆ ಎತ್ತಿ ಹಿಡಿದನು. ನಡುವೆ ಇನ್ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಅವನ ವಂಶದವರ ತಾಮ್ರಪಟಗಳು ಈ ಅಂತರವನ್ನು ತುಂಬಲು, ಇಮ್ಮಡಿ ವಿಕ್ರಮಾದಿತ್ಯನ ತಮ್ಮನೊಬ್ಬನಿಂದ ತೈಲಪನವರೆಗೆ ಒಂದು ವಂಶಾವಳಿಯನ್ನು ಕೊಡುತ್ತವೆ. ಅದರಲ್ಲಿ ಮತ್ತೊಬ್ಬ ಕೀರ್ತಿವರ್ಮನೂ ಮತ್ತಿಬ್ಬರು ವಿಕ್ರಮಾದಿತ್ಯರೂ ಬರುತ್ತಾರೆ. ಆ ತಮ್ಮನ ವಿಷಯದಲ್ಲಿಯೂ ಈ ಜೋಡಣೆಯ ವಿಷಯದಲ್ಲಿಯೂ ವಿದ್ವಾಂಸರಲ್ಲಿ ಹಲವರು ಸಂದೇಹಪಟ್ಟಿದ್ದಾರೆ; ಅದು ಸುಳ್ಳೆಂದು ಖಚಿತವಾಗಿ ಸಾಧಿಸುವುದೂ ಸುಲಭವಲ್ಲ. ಆದುದರಿಂದ ಚರಿತ್ರಕಾರರು ಆ ಇಬ್ಬರು ವಿಕ್ರಮಾದಿತ್ಯರ ಹೆಸರನ್ನು ಅಳಿಸಲೂ ಇಲ್ಲ, ಅವರಿಗೆ ಯಾವ ದೊಡ್ಡ ಕಾರ್ಯವನ್ನು ಹೊರಿಸಲೂ ಇಲ್ಲ. ಮೂರನೆಯವನು, ನಾಲ್ಕನೆಯವನು ಎಂದು ಎಣಿಕೆಯಲ್ಲಿ ಅವರಿಗೆ ಸ್ಥಳವನ್ನು ಬಿಟ್ಟು ಮುಂದುವರಿದರು. ವಿಕ್ರಮವರ್ಷವನ್ನು ತಂದ ಕಲ್ಯಾಣದ ಅರಸನು ಆರನೆಯ ವಿಕ್ರಮಾದಿತ್ಯನಾದುದು ಹೀಗೆ.